ದೀರ್ಘರೋಗಿಯಾದ ತಂದೆಯೂ ದಾಯವಿಭಾಗವೂ

೧

ಮೈಸೂರು ಜಿಲ್ಲೆಯ ಪಶ್ಚಿಮಭಾಗದಲ್ಲಿರುವ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಎಂಬ ತಾಲ್ಲೂಕುಗಳು ಹುಣಸೂರು ಉಪವಿಭಾಗಕ್ಕೆ ಸೇರಿದವು. ಇವುಗಳಲ್ಲಿ ಕೃಷ್ಣರಾಜನಗರದ ತಾಲ್ಲೂಕಿಗೆ ಹಿಂದೆ ಯಡತೊರೆಯ ತಾಲ್ಲೂಕೆಂಬ ಹೆಸರಿದ್ದಿತು. ಈಚೆಗೆ ಅದರಿಂದ ಸಾಲಿಗ್ರಾಮವೂ, ಹೆಗ್ಗಡದೇವನಕೋಟೆಯಿಂದ ಸರಗೂರೂ ಪ್ರತ್ಯೇಕ ತಾಲ್ಲೂಕುಗಳಾಗಿ ಏರ್ಪಟ್ಟಿವೆ. ಕಾವೇರಿ, ಲಕ್ಷ್ಮಣತೀರ್ಥ, ಕಪಿಲೆಗಳ ನೀರುಂಡ ಈ ಸೀಮೆಯಲ್ಲಿ ಒಕ್ಕಲುಮನೆಗಳ ಸ್ವತ್ತೆಂದರೆ ಬಹುಮಟ್ಟಿಗೆ ಭೂಮಿಯೇ ಆಗಿರುತ್ತದೆ. ಆ ಭೂಮಿಯ ಖಾತೆ ಪಹಣಿಗಳ ವಿವಾದಗಳನ್ನು ವಿಚಾರಿಸುವ ಉಪವಿಭಾಗಾಧಿಕಾರಿಯ ಕಚೇರಿಯಲ್ಲಿಯೇ ಮತ್ತೊಂದು ವಿಧವಾದ ಅರ್ಜಿಯೂ ವಿಚಾರಣೆಗೆ ಬರುವುದು. ೨೦೦೭ನೆಯ ಇಸವಿಯ ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣದ ಅಧಿನಿಯಮದ ಪ್ರಕಾರ, ಅನ್ನ ವಸ್ತ್ರ ವಸತಿ ಔಷಧಗಳಿಗಾಗಿ ಮಕ್ಕಳ ಮೇಲೆ ದೂರಿಡುವ ವೃದ್ಧರಿಗೆ ನ್ಯಾಯವನ್ನು ಹೇಳತಕ್ಕ ಮಂಡಲಿಗೆ ಆ ಅಧಿಕಾರಿಯೇ ಅಧ್ಯಕ್ಷನು.

ಒಂದೇ ಕಚೇರಿಯಲ್ಲಿ ಭೂಮಿಯ ವಿವಾದವೂ ರೋಗಿಯಾದ ತಂದೆಯ ಜೀವನಾಂಶದ ವಿವಾದವೂ ಕೂಡುವುದು ಆಡಳಿತದ ಸೌಕರ್ಯಕ್ಕಾಗಿ ಆದ ಏರ್ಪಾಡು. ಆದರೆ ಧರ್ಮಶಾಸ್ತ್ರದ ಇತಿಹಾಸವನ್ನು ನೋಡಿದರೆ ಇವೆರಡೂ ಮೊದಲಿನಿಂದಲೂ ಒಂದೇ ಪ್ರಶ್ನೆಯ ಎರಡು ಮುಖಗಳೆಂದು ತೋರುವುದು. ಮನೆಯ ಯಜಮಾನನು ವಾರ್ಧಕದಿಂದಲೋ ದೀರ್ಘರೋಗದಿಂದಲೋ ಬುದ್ಧಿವೈಕಲ್ಯದಿಂದಲೋ ಅಸಮರ್ಥನಾದಾಗ ಸ್ವತ್ತನ್ನು ಹಂಚಿಕೊಳ್ಳತಕ್ಕದ್ದೋ, ಇಲ್ಲವೆ ಅವನು ಜೀವಿಸಿರುವವರೆಗೆ ಹಂಚದೆ ಕಾಪಾಡತಕ್ಕದ್ದೋ? ಈ ಪ್ರಶ್ನೆಗೆ ಕರ್ಣಾಟಕದ ನಿಬಂಧಕಾರನು ಕೊಟ್ಟ ಉತ್ತರವನ್ನೂ, ಆ ಉತ್ತರಕ್ಕೆ ಕಾಲಕ್ರಮದಲ್ಲಿ ಒದಗಿದ ಗತಿಯನ್ನೂ ಇಲ್ಲಿ ಪರಿಶೀಲಿಸಲಾಗುವುದು.

೨

ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರೆಯೆಂಬ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (೧೦೭೬–೧೧೨೬) ಕಾಲದಲ್ಲಿ ಕಲ್ಯಾಣಪುರದಲ್ಲಿದ್ದವನು. ಗ್ರಂಥಾಂತ್ಯದಲ್ಲಿ ಆ ಪುರವನ್ನೂ ಆ ದೊರೆಯನ್ನೂ ಪ್ರಶಂಸಿಸಿರುವನು. ವ್ಯವಹಾರಾಧ್ಯಾಯದ ದಾಯವಿಭಾಗಪ್ರಕರಣದಲ್ಲಿ ಅವನು ವಿಭಾಗಕ್ಕೆ ಉಚಿತವಾದ ಕಾಲಗಳನ್ನು ನಿರ್ಣಯಿಸುತ್ತಾನೆ. ತಂದೆಯು ತಾನಾಗಿ ಇಚ್ಛಿಸಿದಾಗ ಒಂದು ಕಾಲ. ತಂದೆಯು ಧನದಲ್ಲಿಯೂ ಭೋಗದಲ್ಲಿಯೂ ವಿರಕ್ತನಾಗಿ, ತಾಯಿಗೆ ಸಂತಾನದ ಕಾಲವು ಮುಗಿದಿರುವಾಗ ಮತ್ತೊಂದು ಕಾಲ. ತಂದೆಯ ಮರಣಾನಂತರ ಇನ್ನೊಂದು ಕಾಲ. ಇವಲ್ಲದೆ, ತಂದೆಯು ಅಧರ್ಮದಲ್ಲಿ ನಡೆಯುವವನಾಗಿದ್ದರೆ ಅಥವಾ ದೀರ್ಘರೋಗದಿಂದ ಪೀಡಿತನಾಗಿದ್ದರೆ, ಅವನಿಗೆ ಇಷ್ಟವಿಲ್ಲದಿದ್ದರೂ ಪುತ್ರರ ಇಚ್ಛೆಯಿಂದಲೇ ವಿಭಾಗವಾಗಬಹುದೆಂದು ವಿಜ್ಞಾನೇಶ್ವರನು ಹೇಳುತ್ತಾನೆ. ಅದಕ್ಕೆ ಪ್ರಮಾಣವಾಗಿ ಶಂಖನ ಹೆಸರಿನ ಸೂತ್ರವೊಂದನ್ನು ಉದಾಹರಿಸಿರುವನು. ತಂದೆಯು ವೃದ್ಧನೂ, ವಿಪರೀತಚಿತ್ತನೂ, ರೋಗಿಯೂ ಆಗಿರುವಲ್ಲಿ ಅವನು ಬಯಸದಿದ್ದರೂ ರಿಕ್ಥದ ವಿಭಾಗವುಂಟೆಂಬುದು ಆ ಸೂತ್ರದ ತಾತ್ಪರ್ಯ.

ವಂಗದೇಶದಲ್ಲಿ ಪ್ರಮಾಣವೆನಿಸಿದ ದಾಯಭಾಗವೆಂಬ ಗ್ರಂಥದ ಕರ್ತೃವಾದ ಜೀಮೂತವಾಹನನೂ ಇದೇ ಸೂತ್ರವನ್ನು ಶಂಖಲಿಖಿತರ ಹೆಸರಿನಲ್ಲಿ ಉದಾಹರಿಸುತ್ತಾನೆ. ಪದಗಳು ಬಹುಮಟ್ಟಿಗೆ ಅವೇ; ಆದರೆ ವಾಕ್ಯದ ಮೊದಲಿನಲ್ಲಿ ನಿಷೇಧಾರ್ಥಕವಾದ ನಕಾರವೊಂದು ಹೆಚ್ಚಾಗಿ ಬಂದಿದೆ. ಈ ನಕಾರದಿಂದ ಅರ್ಥವು ಸಂಪೂರ್ಣವಾಗಿ ತಿರುಗುವುದು. ತಂದೆಯು ವೃದ್ಧನೋ, ವಿಪರೀತಚಿತ್ತನೋ, ದೀರ್ಘರೋಗಿಯೋ ಆಗಿದ್ದಾಗ ಅವನು ಬಯಸದೆ ವಿಭಾಗವು ಕೂಡದೆಂದೇ ಅಲ್ಲಿನ ವಿಧಿ. ಜೀಮೂತವಾಹನನ ಉದ್ಧೃತಿಯು ಇಷ್ಟಕ್ಕೆ ನಿಲ್ಲದೆ ಮುಂದುವರಿಯುತ್ತದೆ: ತಂದೆಯು ಅಶಕ್ತನಾದರೆ ಹಿರಿಯ ಮಗನು ಕುಟುಂಬದ ವ್ಯವಹಾರವನ್ನು ನಡೆಯಿಸಬೇಕು, ಅವನ ಅನುಮತಿಯಿಂದ ಕಾರ್ಯಜ್ಞನಾದ ತಮ್ಮನಾದರೂ ನಡೆಯಿಸಬಹುದು, ಉಳಿದವರ ಧನವನ್ನು ತಂದೆಯಂತೆಯೇ ರಕ್ಷಿಸಬೇಕು, ತಂದೆತಾಯಿಗಳು ಜೀವಿಸಿರುವಾಗ ಮಕ್ಕಳು ಸ್ವತಂತ್ರರಲ್ಲ. ತಂದೆಯು ದೀನನಾಗಿಯೋ ದೇಶಾಂತರಗತನಾಗಿಯೋ ರೋಗಾರ್ತನಾಗಿಯೋ ಇರುವಾಗ ಜ್ಯೇಷ್ಠನು ಅರ್ಥಚಿಂತನೆಯನ್ನು ಮಾಡತಕ್ಕದ್ದೆಂಬ ಹಾರೀತನ ಮತವೂ ಅಲ್ಲಿಯೇ ಉಲ್ಲೇಖಿತವಾಗಿದೆ.

೩

ಶಂಖಲಿಖಿತರ ಧರ್ಮಸೂತ್ರವು ಸಮಗ್ರವಾಗಿ ಉಳಿದುಬಂದಿಲ್ಲ. ನಿಬಂಧಕಾರರ ಉದ್ಧೃತಿಗಳಿಂದಲೇ ಅದನ್ನು ತಿಳಿಯಬೇಕಾಗಿದೆ. ಆದುದರಿಂದ ಮೂಲದ ಪ್ರತಿಯನ್ನು ನೋಡಿ ಪಾಠವನ್ನು ನಿರ್ಣಯಿಸುವ ಮಾರ್ಗವಿಲ್ಲ. ಸಂದರ್ಭಶುದ್ಧಿಯೊಂದನ್ನೇ ನೋಡುವುದಾದರೆ, ಜ್ಯೇಷ್ಠನು ಎಲ್ಲರ ಧನವನ್ನೂ ತಂದೆಯಂತೆ ಪಾಲಿಸಬೇಕೆಂಬ ಉತ್ತರವಾಕ್ಯಕ್ಕೆ ನಕಾರವುಳ್ಳ ಪಾಠವೇ ಹೆಚ್ಚು ಹೊಂದುವುದು. ವಿಭಾಗವಾಗಿಹೋದ ಮೇಲೆ ಜ್ಯೇಷ್ಠನು ಇತರರ ಧನವನ್ನು ಪಾಲಿಸುವ ಪ್ರಸಕ್ತಿಯೇ ಉಳಿಯುವುದಿಲ್ಲ.

ಆದರೆ ಇಬ್ಬರು ಆಚಾರ್ಯರೂ ಒಂದೊಂದು ಪಾಠವನ್ನು ಹಿಡಿದುದು ಆಕಸ್ಮಿಕವಲ್ಲ. ಪುತ್ರನಿಗೆ ಪೈತೃಕಧನದಲ್ಲಿ ಜನ್ಮದಿಂದಲೇ ಸ್ವತ್ವವುಂಟಾಗುವುದೆಂಬುದು ವಿಜ್ಞಾನೇಶ್ವರನ ಸಿದ್ಧಾಂತ. ಸ್ವತ್ವವು ಮೊದಲೇ ಸಿದ್ಧವಾಗಿರುವಾಗ ವಿಭಾಗವೆಂದರೆ ಇದ್ದ ಅಂಶವನ್ನು ಬೇರ್ಪಡಿಸಿಕೊಳ್ಳುವುದಷ್ಟೇ. ಸ್ವತ್ತನ್ನು ಹಾಳುಮಾಡುತ್ತಿರುವ ಅಥವಾ ನಡೆಯಿಸಲಾರದ ತಂದೆಯ ಕೈಯಲ್ಲಿ ಅದನ್ನು ಬಿಡಬೇಕಾದ ಕಾರಣವಿಲ್ಲ. ಜೀಮೂತವಾಹನನ ಮತದಲ್ಲಿಯಾದರೋ ತಂದೆಯ ಸ್ವತ್ವವು ಮರಣ, ಪಾತಿತ್ಯ, ಸಂನ್ಯಾಸಾದಿಗಳಿಂದ ನಿವೃತ್ತವಾಗುವವರೆಗೆ ಪುತ್ರನಿಗೆ ಸ್ವತ್ವವೇ ಇಲ್ಲ. ರೋಗವು ಸ್ವತ್ವವನ್ನು ಕಳೆಯುವುದಿಲ್ಲ. ಹೀಗೆ ನಕಾರವೊಂದರ ಭಾವಾಭಾವಗಳಲ್ಲಿ ಎರಡು ದರ್ಶನಗಳೇ ಅಡಗಿರುವುವು. ಕರ್ಣಾಟಕದ ಮನೆತನಗಳು ಮಿತಾಕ್ಷರೆಯ ಮಾರ್ಗವನ್ನು ಅನುಸರಿಸಿದುದರಿಂದ, ಹಿರಿಯನು ಹಾಸಿಗೆಯನ್ನು ಹಿಡಿದಾಗ ಪಾಲುಪಾರೀಕತ್ತಿನ ಮಾತೆದ್ದರೆ ಅದು ಕೇವಲ ಲೋಭದ ಮಾತೆಂದು ಹೇಳಲಾಗದು. ಅದಕ್ಕೆ ಶಾಸ್ತ್ರದ ಆಧಾರವಿದ್ದಿತು.

೪

ಮಿತಾಕ್ಷರೆಯು ವಿಭಾಗದ ಅನುಮತಿಯೊಂದನ್ನೇ ಹೇಳಿ ಸುಮ್ಮನಾಗಿಲ್ಲವೆಂಬುದು ಮುಖ್ಯವಾಗಿ ಗಮನಿಸತಕ್ಕದ್ದು. ರೋಗಿಯಾದ ಯಜಮಾನನ ವಿಷಯದಲ್ಲಿ ಆ ಗ್ರಂಥದೊಳಗೆ ಬೇರೆಬೇರೆ ಪ್ರಕರಣಗಳಲ್ಲಿ ಚದರಿರುವ ನಾಲ್ಕು ನಿಯಮಗಳನ್ನು ಒಟ್ಟುಗೂಡಿಸಿದರೆ ಈ ಅನುಮತಿಗೆ ಹಾಕಲ್ಪಟ್ಟ ಕಟ್ಟುಗಳು ಕಾಣಬರುವುವು.

ಮೊದಲನೆಯದು, ರೋಗಿಯು ಮಾಡಿದ ವಿಷಮವಿಭಾಗವು ನಿಲ್ಲದು. ರೋಗದಿಂದಲೋ ಕೋಪದಿಂದಲೋ ವಿಷಯಾಸಕ್ತಿಯಿಂದಲೋ ಪರವಶನಾಗಿ ಶಾಸ್ತ್ರವಿರುದ್ಧವಾಗಿ ನಡೆಯುವ ತಂದೆಗೆ ವಿಭಾಗದಲ್ಲಿ ಪ್ರಭುತ್ವವಿಲ್ಲವೆಂದು ನಾರದನ ಮತ. ವಿಜ್ಞಾನೇಶ್ವರನು ಅದನ್ನು ಅಂಗೀಕರಿಸಿರುವನು. ಹಾಸಿಗೆಯ ಬಳಿಯಲ್ಲಿದ್ದ ಒಬ್ಬ ಮಗನಿಗೆ ಹೆಚ್ಚಿನ ಪಾಲನ್ನು ಬರೆಯಿಸಿಕೊಳ್ಳುವ ದಾರಿಯನ್ನು ಇದು ಮುಚ್ಚುವುದು.

ಎರಡನೆಯದು, ಆರ್ತನ ವ್ಯವಹಾರವೂ ದಾನವೂ ಸಿದ್ಧಿಸವು. ಮತ್ತ, ಉನ್ಮತ್ತ, ಬಾಲ, ಭೀತರೊಡನೆ ಆರ್ತನನ್ನೂ ಎಣಿಸಿ, ಇಂಥವರು ಮಾಡಿದ ವ್ಯವಹಾರವು ನಿಲ್ಲದೆಂದು ಯಾಜ್ಞವಲ್ಕ್ಯನು ವಿಧಿಸಿದ್ದಾನೆ. ನಾರದನು ರೋಗಪೀಡಿತನು ಕೊಟ್ಟುದನ್ನು ಅದತ್ತಗಳಲ್ಲಿ, ಅಂದರೆ ಕೊಟ್ಟರೂ ಕೊಡದಂತೆಯೇ ಆಗುವ ದಾನಗಳಲ್ಲಿ, ಸೇರಿಸಿದ್ದಾನೆ. ಧರ್ಮಾರ್ಥವಾಗಿ ವಾಗ್ದಾನಮಾಡಿದುದಕ್ಕೆ ಮಾತ್ರ ಕಾತ್ಯಾಯನನು ವಿನಾಯಿತಿಯನ್ನು ಕೊಟ್ಟಿರುವನು. ಸ್ವಸ್ಥನೇ ಆಗಲಿ ಆರ್ತನೇ ಆಗಲಿ ಧರ್ಮಕ್ಕೆಂದು ಸಾರಿದುದನ್ನು ಅವನು ಸತ್ತ ಮೇಲೆ ಮಗನು ಕೊಡಲೇಬೇಕು.

ಮೂರನೆಯದು, ಧನದೊಡನೆ ಋಣವೂ ಬರುವುದು. ತಂದೆಯು ದೇಶಾಂತರಗತನಾದರೂ, ಮೃತನಾದರೂ, ವ್ಯಸನಗ್ರಸ್ತನಾದರೂ ಪುತ್ರಪೌತ್ರರು ಸಾಲವನ್ನು ತೀರಿಸತಕ್ಕದ್ದೆಂದು ಸ್ಮೃತಿಯ ವಿಧಿ. ಇಲ್ಲಿ ವ್ಯಸನವೆಂಬುದಕ್ಕೆ ಚಿಕಿತ್ಸೆಗೆ ಸಾಧ್ಯವಾಗದ ವ್ಯಾಧಿ ಮೊದಲಾದವೆಂದು ವ್ಯಾಖ್ಯಾನಕಾರನ ವಿವರಣೆ. ಅಂದರೆ ಯಾವ ರೋಗವು ಮಕ್ಕಳಿಗೆ ಪಾಲನ್ನು ಕೇಳುವ ಅಧಿಕಾರವನ್ನು ಕೊಡುವುದೋ ಅಂಥ ರೋಗವೇ ಸಾಲದ ಹೊರೆಯನ್ನೂ ಅವರ ಹೆಗಲಿಗೆ ಏರಿಸುವುದು.

ನಾಲ್ಕನೆಯದು ಭರಣದ ಕರ್ತವ್ಯ. ವೃದ್ಧರಾದ ತಂದೆತಾಯಿಗಳನ್ನೂ, ಸಾಧ್ವಿಯಾದ ಪತ್ನಿಯನ್ನೂ, ಶಿಶುವಾದ ಪುತ್ರನನ್ನೂ ನೂರು ಅಕಾರ್ಯಗಳನ್ನು ಮಾಡಿಯಾದರೂ ಪೋಷಿಸಬೇಕೆಂಬ ವಚನವು ಮನುವಿನ ಹೆಸರಿನಲ್ಲಿ ಪ್ರಸಿದ್ಧವಾಗಿದೆ. ಈ ಕರ್ತವ್ಯವು ಸ್ವತ್ತಿನ ಪ್ರಾಪ್ತಿಯನ್ನು ಅವಲಂಬಿಸಿದುದಲ್ಲ. ತಂದೆಯು ಏನನ್ನೂ ಬಿಡದಿದ್ದರೂ ಮಗನಿಗೆ ತಪ್ಪದು.

೫

ಹತ್ತೊಂಬತ್ತನೆಯ ಶತಮಾನದಲ್ಲಿ ಶಾಸ್ತ್ರವು ಪಂಡಿತರ ಕೈಯಿಂದ ನ್ಯಾಯಾಲಯದ ಕೈಗೆ ಹೋಯಿತು. ಕೋಲ್‌ಬ್ರೂಕನು ಮಿತಾಕ್ಷರೆಯ ದಾಯಪ್ರಕರಣವನ್ನೂ ದಾಯಭಾಗವನ್ನೂ ಆಂಗ್ಲಭಾಷೆಗೆ ಪರಿವರ್ತಿಸಿ ೧೮೧೦ರಲ್ಲಿ ಕಲ್ಕತ್ತೆಯಲ್ಲಿ ಪ್ರಕಟಿಸಿದನು. ನ್ಯಾಯಾಧೀಶರು ಬಹುಕಾಲ ಈ ಪರಿವರ್ತನೆಯನ್ನೇ ಆಶ್ರಯಿಸಿದರು. ಅದರಲ್ಲಿ ದಾಯಪ್ರಕರಣವೊಂದೇ ಬಿಡಿಯಾಗಿ ಬಂದುದರಿಂದ, ಋಣಾದಾನ, ದತ್ತಾಪ್ರದಾನಿಕ ಮೊದಲಾದ ಪ್ರಕರಣಗಳಲ್ಲಿದ್ದ ಮೇಲಿನ ಕಟ್ಟುಗಳು ಪಾಲಿನ ಹಕ್ಕಿನೊಡನೆ ಒಂದೇ ಗ್ರಂಥದಲ್ಲಿ ಓದುಗರ ಕಣ್ಣಿಗೆ ಬೀಳದೆಹೋದುವು.

ತಾಯಿಯ ಸ್ಥಿತಿಯು ಇನ್ನೂ ದುರ್ಬಲವಾಗಿದ್ದಿತು. ತಂದೆಯ ಅನಂತರದ ವಿಭಾಗದಲ್ಲಿ ತಾಯಿಗೂ ಸಮಾಂಶವುಂಟೆಂದು ಯಾಜ್ಞವಲ್ಕ್ಯನ ವಚನವಿದ್ದರೂ, ದಕ್ಷಿಣದೇಶದಲ್ಲಿ ಮಾನ್ಯವಾದ, ಮೈಸೂರಿನ ಪ್ರಾಚ್ಯಗ್ರಂಥಮಾಲೆಯಲ್ಲಿಯೂ ಪ್ರಕಟವಾಗಿರುವ ಸ್ಮೃತಿಚಂದ್ರಿಕೆಯಲ್ಲಿ ದೇವಣ್ಣಭಟ್ಟನು ಸ್ತ್ರೀಯರಿಗೆ ಜೀವನಕ್ಕೆ ಬೇಕಾದಷ್ಟೇ ಹೊರತು ದಾಯಾಂಶವಿಲ್ಲವೆಂಬ ಪಕ್ಷವನ್ನು ಹಿಡಿದನು. ಮೈಸೂರು ಸಂಸ್ಥಾನದಲ್ಲಿ ೧೮೮೪ರಲ್ಲಿ ಸ್ಥಾಪಿತವಾದ ಚೀಫ್ ಕೋರ್ಟು ೧೯೩೦ರಲ್ಲಿ ಹೈಕೋರ್ಟೆಂಬ ಹೆಸರನ್ನು ಪಡೆಯಿತು. ಅದಾದ ಮೂರು ವರ್ಷಗಳಲ್ಲಿ, ೧೯೩೩ರಲ್ಲಿ, ಹಿಂದೂ ಸ್ತ್ರೀಯರ ಹಕ್ಕುಗಳ ಕಾನೂನು ಅಂಗೀಕೃತವಾಗಿ, ವಿಭಾಗಕಾಲದಲ್ಲಿ ತಾಯಿಗೂ ವಿಧವೆಗೂ ಅವಿವಾಹಿತ ಪುತ್ರಿಯರಿಗೂ ಅಂಶಗಳು ವಿಧಿಸಲ್ಪಟ್ಟುವು. ಯಡತೊರೆಯ ಸೀಮೆಯಲ್ಲಾಗಲಿ ಹೆಗ್ಗಡದೇವನಕೋಟೆಯಲ್ಲಾಗಲಿ ವಿಧವೆಯಾದ ವೃದ್ಧೆಯೊಬ್ಬಳು ಮಕ್ಕಳ ದಯೆಯೊಂದನ್ನೇ ನೆಚ್ಚದೆ ತನ್ನ ಪಾಲನ್ನು ಕೇಳುವ ಹಕ್ಕು ಶಾಸನದ ಬಲದಿಂದ ದೊರೆತುದು ಅಂದಿನಿಂದ.

೧೯೫೬ರ ಹಿಂದೂ ಉತ್ತರಾಧಿಕಾರದ ಅಧಿನಿಯಮವು ಎರಡು ಮುಖ್ಯ ಬದಲಾವಣೆಗಳನ್ನು ತಂದಿತು. ರೋಗವಾಗಲಿ ಅಂಗವೈಕಲ್ಯವಾಗಲಿ ದಾಯಕ್ಕೆ ಪ್ರತಿಬಂಧಕವಲ್ಲವೆಂದು ವಿಧಿಸಿ, ಕುಷ್ಠಾದಿರೋಗಿಗಳನ್ನು ಅನಂಶರೆಂದ ಸ್ಮೃತಿನಿಯಮವನ್ನು ತೆಗೆದುಹಾಕಿತು. ಅವಿಭಕ್ತಕುಟುಂಬದಲ್ಲಿರುವವನು ತನ್ನ ಅಂಶವನ್ನು ಮರಣಶಾಸನದಿಂದ ವಿನಿಯೋಗಿಸಬಹುದೆಂದೂ ಒಪ್ಪಿತು. ಸ್ಮೃತಿಕಾರರು ಉಯಿಲೆಂಬುದನ್ನು ಅರಿಯರು. ಬಾಳುತ್ತಿರುವಾಗಲೇ ತನ್ನ ಅನಂತರದ ವ್ಯವಸ್ಥೆಯನ್ನು ಬರೆದಿಡುವ ಸಾಧನವು ಒಕ್ಕಲುಮನೆಯ ಯಜಮಾನನಿಗೆ ಹೀಗೆ ಹೊಸದಾಗಿ ದೊರೆಯಿತು. ಅದೇ ವರ್ಷದ ದತ್ತಕ ಮತ್ತು ಜೀವನಾಂಶದ ಅಧಿನಿಯಮವು ಗಂಡುಮಕ್ಕಳಂತೆಯೇ ಹೆಣ್ಣುಮಕ್ಕಳನ್ನೂ ವೃದ್ಧರೂ ಅಶಕ್ತರೂ ಆದ ತಂದೆತಾಯಿಗಳ ಭರಣಕ್ಕೆ ಬದ್ಧರನ್ನಾಗಿ ಮಾಡಿತು. ಜನ್ಮಸ್ವತ್ವವು ಮಾತ್ರ ಆಗ ಗಂಡುಮಕ್ಕಳಿಗೇ ಉಳಿದಿದ್ದು, ಕರ್ಣಾಟಕದಲ್ಲಿ ೧೯೯೪ರ ತಿದ್ದುಪಡಿಯಿಂದಲೂ, ದೇಶಕ್ಕೆಲ್ಲ ೨೦೦೫ರ ತಿದ್ದುಪಡಿಯಿಂದಲೂ ಪುತ್ರಿಯರಿಗೆ ಪ್ರಾಪ್ತವಾಯಿತು. ಹಕ್ಕಿಗೆ ಹಲವು ದಶಕಗಳ ಮೊದಲೇ ಹೊಣೆಯು ಅವರಿಗೆ ಬಂದಿತೆಂಬುದು ಚಿಂತನೀಯವಾದ ವಿಷಯ.

೬

ಇಷ್ಟಾದರೂ ಹಳ್ಳಿಗಳಲ್ಲಿ ನಡೆಯುವ ಕ್ರಮದಲ್ಲಿ ಒಂದು ಕೊರತೆಯು ಉಳಿದೇ ಇದ್ದಿತು. ಯಜಮಾನನು ಅಶಕ್ತನಾದೊಡನೆ ದಾನಪತ್ರವೋ ವಿಭಾಗಪತ್ರವೋ ನೋಂದಣಿಯಾಗುವುದು. ಭೂಮಿಯು ಮಕ್ಕಳ ಹೆಸರಿಗೆ ಸೇರುವುದು. ತಂದೆಯನ್ನು ಯಾರು ನೋಡಿಕೊಳ್ಳತಕ್ಕದ್ದೆಂಬುದು ಬಾಯಿಮಾತಾಗಿಯೇ ಉಳಿಯುವುದು. ೧೮೮೨ರ ಸ್ವತ್ತು ವರ್ಗಾವಣೆಯ ಅಧಿನಿಯಮದ ಪ್ರಕಾರ ಪೂರ್ಣಗೊಂಡ ದಾನವನ್ನು ಸುಲಭವಾಗಿ ಹಿಂದೆಗೆಯಲಾಗದು. ಮಿತಾಕ್ಷರೆಯ ಅನುಮತಿಯು ಉಳಿಯಿತು, ಅದರ ಕಟ್ಟುಗಳು ಸಡಿಲವಾದುವು.

೨೦೦೭ರ ಅಧಿನಿಯಮವನ್ನು ಈ ದೃಷ್ಟಿಯಿಂದ ನೋಡಬೇಕು. ಕರ್ಣಾಟಕದಲ್ಲಿ ಅದು ೨೦೦೮ರ ಏಪ್ರಿಲ್ ೧ರಂದು ಜಾರಿಗೆ ಬಂದು, ೨೦೦೯ರಲ್ಲಿ ಅದರ ನಿಯಮಗಳು ರಚಿತವಾದುವು. ಜೀವನಾಂಶವೆಂಬ ಪದದಲ್ಲಿಯೇ ವೈದ್ಯೋಪಚಾರವೂ ಚಿಕಿತ್ಸೆಯೂ ಅಡಕವಾಗಿವೆಯೆಂದು ಅದು ವಿವರಿಸುತ್ತದೆ. ಅರ್ಜಿಯನ್ನು ತಂದೆತಾಯಿಗಳೇ ಕೊಡಬಹುದು. ಅವರು ಅಶಕ್ತರಾದರೆ ಅವರಿಂದ ಅಧಿಕೃತರಾದ ಇತರರು ಕೊಡಬಹುದು. ಮಂಡಲಿಯು ತಾನಾಗಿಯೂ ವಿಚಾರಣೆಯನ್ನು ಕೈಕೊಳ್ಳಬಹುದು. ಮಾಸಿಕ ಜೀವನಾಂಶದ ಅರ್ಜಿಯನ್ನು ನೋಟೀಸು ಜಾರಿಯಾದ ೯೦ ದಿನಗಳೊಳಗೆ ಇತ್ಯರ್ಥಗೊಳಿಸತಕ್ಕದ್ದು. ಜೀವನಾಂಶಕ್ಕೆ ತಿಂಗಳಿಗೆ ೧೦,೦೦೦ ರೂಪಾಯಿಗಳ ಮೇರೆಯನ್ನು ಮೂಲ ಅಧಿನಿಯಮವು ಇಟ್ಟಿದೆ. ಆಶ್ರಿತರಾದ ಹಿರಿಯರನ್ನು ತೊರೆದುಬಿಡುವವರಿಗೆ ಮೂರು ತಿಂಗಳವರೆಗಿನ ಕಾರಾಗೃಹವಾಸವನ್ನಾಗಲಿ, ೫,೦೦೦ ರೂಪಾಯಿಗಳವರೆಗಿನ ದಂಡವನ್ನಾಗಲಿ, ಎರಡನ್ನೂ ಆಗಲಿ ವಿಧಿಸಬಹುದು.

ಈ ಅಧಿನಿಯಮದ ೨೩ನೆಯ ಪ್ರಕರಣವು ವಿಶೇಷವಾಗಿ ಪ್ರಸ್ತುತವಾದುದು. ಅಧಿನಿಯಮವು ಜಾರಿಗೆ ಬಂದ ಅನಂತರ, ಮೂಲಸೌಕರ್ಯಗಳನ್ನು ಒದಗಿಸಬೇಕೆಂಬ ಷರತ್ತಿನಿಂದ ಹಿರಿಯರು ಕೊಟ್ಟ ಸ್ವತ್ತನ್ನು ಪಡೆದವನು ಆ ಷರತ್ತನ್ನು ನಡೆಯಿಸದಿದ್ದರೆ, ಆ ವರ್ಗಾವಣೆಯು ವಂಚನೆಯಿಂದಲೋ ಬಲಾತ್ಕಾರದಿಂದಲೋ ಆದುದೆಂದು ಭಾವಿಸಿ ಮಂಡಲಿಯು ರದ್ದುಗೊಳಿಸಬಹುದು. ಆರ್ತನ ದಾನವು ಅದತ್ತವೆಂಬ ನಾರದನ ತತ್ತ್ವಕ್ಕೂ ಇದಕ್ಕೂ ಇರುವ ಸಾಮೀಪ್ಯವು ಸ್ಪಷ್ಟವಾಗಿದೆ. ಆದರೆ ಇಲ್ಲಿ ಷರತ್ತಿನ ಅಸ್ತಿತ್ವವು ಸಿದ್ಧವಾಗಬೇಕು. ೨೦೨೨ರ ಡಿಸೆಂಬರಿನಲ್ಲಿ ಸರ್ವೋಚ್ಚನ್ಯಾಯಾಲಯವು ಷರತ್ತಿಲ್ಲದ ವರ್ಗಾವಣೆಯನ್ನು ಈ ಪ್ರಕರಣದಿಂದ ತೆಗೆಯಲಾಗದೆಂದು ತೀರ್ಮಾನಿಸಿತು. ೨೦೨೫ರ ಜನವರಿಯಲ್ಲಿ, ದಾನಪತ್ರದೊಡನೆ ಮಗನು ಬೇರೆಯಾಗಿ ಬರೆದುಕೊಟ್ಟ ವಚನಪತ್ರವನ್ನೂ ಗಣಿಸಿ, ಅಧಿನಿಯಮವನ್ನು ಹಿರಿಯರ ಹಿತಕ್ಕೆ ಅನುಕೂಲವಾಗಿ ಅರ್ಥೈಸಬೇಕೆಂದು ಅದೇ ನ್ಯಾಯಾಲಯವು ಹೇಳಿತು. ಎರಡು ತೀರ್ಪುಗಳನ್ನೂ ಕೂಡಿಸಿ ನೋಡಿದರೆ, ಭರಣದ ಮಾತನ್ನು ಬಾಯಿಯಲ್ಲಿ ಬಿಡದೆ ಪತ್ರದಲ್ಲಿ ಸೇರಿಸತಕ್ಕದ್ದೆಂಬುದೇ ಫಲಿತಾರ್ಥ.

೭

ಹಾರೀತನೂ ಶಂಖಲಿಖಿತರೂ ಹೇಳಿದ ಇನ್ನೊಂದು ವಿಧಿಗೆ, ಅಂದರೆ ತಂದೆಯು ಜೀವಿಸಿದ್ದು ಬುದ್ಧಿಯು ನಷ್ಟವಾಗಿರುವಾಗ ಅವನ ಪರವಾಗಿ ಅರ್ಥಚಿಂತನೆ ಮಾಡತಕ್ಕವನ ಏರ್ಪಾಡಿಗೆ, ಈಗಿನ ಕಾನೂನಿನಲ್ಲಿ ಸರಿಯಾದ ಸ್ಥಾನವಿಲ್ಲ. ಜಿ.ಪಿ.ಎ. ಎಂದು ಜನರು ಕರೆಯುವ ಅಧಿಕಾರಪತ್ರವನ್ನು ಬರೆಯಿಸಿಕೊಂಡರೆ ಸಾಕೆಂಬ ಭಾವನೆಯು ಸಾಮಾನ್ಯವಾಗಿದೆ. ಆದರೆ ೧೮೭೨ರ ಕರಾರು ಅಧಿನಿಯಮದ ೨೦೧ನೆಯ ಪ್ರಕರಣದಂತೆ, ಅಧಿಕಾರವನ್ನು ಕೊಟ್ಟವನಿಗೆ ಚಿತ್ತಸ್ವಾಸ್ಥ್ಯವು ತಪ್ಪಿದೊಡನೆ ಆ ಅಧಿಕಾರವು ಮುಗಿದುಹೋಗುವುದು. ಯಾವ ಗಳಿಗೆಯಲ್ಲಿ ಅದು ಬೇಕಾಗುವುದೋ ಆ ಗಳಿಗೆಯಲ್ಲಿಯೇ ಅದು ಇಲ್ಲವಾಗುವುದು. ಇಂಗ್ಲೆಂಡಿನಲ್ಲಿ ೧೯೮೫ರ ಕಾನೂನಿನಿಂದಲೂ ಅನಂತರ ೨೦೦೫ರ ಕಾನೂನಿನಿಂದಲೂ ಬುದ್ಧಿನಾಶದ ಮೇಲೆಯೂ ನಿಲ್ಲುವ ಅಧಿಕಾರಪತ್ರಗಳಿಗೆ ಅವಕಾಶವಾಗಿದೆ. ಭಾರತದಲ್ಲಿ ಅಂಥ ಸಾಮಾನ್ಯವಿಧಿಯಿಲ್ಲ. ೧೯೧೨ರ ಉನ್ಮಾದದ ಕಾನೂನೂ, ಅದರ ಸ್ಥಾನದಲ್ಲಿ ಬಂದ ೧೯೮೭ರ ಅಧಿನಿಯಮವೂ ಚಿತ್ತವಿಕಲನ ಸ್ವತ್ತಿಗೆ ನ್ಯಾಯಾಲಯದಿಂದ ವ್ಯವಸ್ಥಾಪಕನನ್ನು ನೇಮಿಸುವ ಕ್ರಮವನ್ನು ಹೇಳಿದ್ದುವು. ೨೦೧೭ರ ಮಾನಸಿಕ ಆರೋಗ್ಯಪಾಲನೆಯ ಅಧಿನಿಯಮವು ಚಿಕಿತ್ಸೆಯ ವಿಷಯದಲ್ಲಿ ಮುಂಗಡ ನಿರ್ದೇಶನವನ್ನೂ ನಾಮನಿರ್ದೇಶಿತ ಪ್ರತಿನಿಧಿಯನ್ನೂ ಅಂಗೀಕರಿಸಿತಾದರೂ ಸ್ವತ್ತಿನ ವ್ಯವಸ್ಥೆಯನ್ನು ಕೈಬಿಟ್ಟಿತು. ಇದರಿಂದ, ಪ್ರಜ್ಞೆಯಿಲ್ಲದೆ ಮಲಗಿರುವವರ ಸ್ವತ್ತಿಗೆ ಪಾಲಕರನ್ನು ಬೇಡಿ ಉಚ್ಚನ್ಯಾಯಾಲಯಗಳನ್ನೇ ಸೇರಬೇಕಾಗಿದೆ. ಕೇರಳದ ಉಚ್ಚನ್ಯಾಯಾಲಯವು ೨೦೧೯ರಲ್ಲಿ ಇಂಥ ನೇಮಕಕ್ಕೆ ಮಾರ್ಗಸೂಚಿಗಳನ್ನು ಕೊಟ್ಟಿತು. ಹೊಗೆಸೊಪ್ಪಿನ ಬೆಳೆಗಾರನ ನೋಂದಣಿ, ಬ್ಯಾರನ್ನಿನ ಪರವಾನಗಿ, ಬ್ಯಾಂಕಿನ ಸಾಲ, ಪಹಣಿ ಎಲ್ಲವೂ ಒಬ್ಬನೇ ಯಜಮಾನನ ಹೆಸರಿನಲ್ಲಿರುವ ಪಿರಿಯಾಪಟ್ಟಣದ ಒಕ್ಕಲುಮನೆಗೆ ಆ ದಾರಿಯು ಎಷ್ಟು ದೂರದ್ದೆಂಬುದನ್ನು ಊಹಿಸಬಹುದು.

ದೇಹದ ಚಿಕಿತ್ಸೆಯಲ್ಲಿಯೂ ಇದೇ ಪ್ರಶ್ನೆಯು ಬರುವುದು. ವೈದ್ಯ, ಔಷಧ, ಪರಿಚಾರಕ, ರೋಗಿ ಎಂಬ ನಾಲ್ಕು ಪಾದಗಳನ್ನು ಚರಕನು ಚಿಕಿತ್ಸೆಗೆ ಹೇಳಿರುವನು. ರೋಗಿಯ ಗುಣಗಳಲ್ಲಿ ತನ್ನ ರೋಗವನ್ನು ತಾನೇ ತಿಳಿ ಹೇಳಬಲ್ಲವನಾಗಿರುವುದೂ ಒಂದು. ಹೇಳಬಲ್ಲ ಶಕ್ತಿಯು ಹೋದ ಮೇಲೆ ರೋಗಿಯ ಮಾತನ್ನು ಯಾರು ಆಡತಕ್ಕದ್ದು? ಸರ್ವೋಚ್ಚನ್ಯಾಯಾಲಯವು ೨೦೧೮ರ ಮಾರ್ಚ್ ೯ರಂದು, ಗುಣವಾಗುವ ಆಶೆಯಿಲ್ಲದ ಸ್ಥಿತಿಯಲ್ಲಿ ಕೃತಕವಾಗಿ ಪ್ರಾಣವನ್ನು ಹಿಡಿದಿಡುವ ಚಿಕಿತ್ಸೆಯು ಬೇಡವೆಂದು ಸ್ವಸ್ಥನಾಗಿರುವಾಗಲೇ ಬರೆದಿಡುವ ನಿರ್ದೇಶನವನ್ನು ಮಾನ್ಯಮಾಡಿತು. ಅದರ ಕ್ರಮವು ತೊಡಕಾಗಿದ್ದುದರಿಂದ ೨೦೨೩ರ ಜನವರಿ ೨೪ರಂದು ಸರಳಗೊಳಿಸಿತು. ಈಗ ಇಬ್ಬರು ಸಾಕ್ಷಿಗಳ ಸಮಕ್ಷದಲ್ಲಿ ರುಜುಮಾಡಿ, ನೋಟರಿಯಿಂದಲೋ ಗೆಜೆಟೆಡ್ ಅಧಿಕಾರಿಯಿಂದಲೋ ದೃಢೀಕರಣವನ್ನು ಪಡೆದರೆ ಸಾಕು. ತನ್ನ ಪರವಾಗಿ ನಿರ್ಧರಿಸತಕ್ಕವರ ಹೆಸರನ್ನು ಅದರಲ್ಲಿಯೇ ಹೇಳಬಹುದು. ವೈದ್ಯರ ಎರಡು ಮಂಡಲಿಗಳು ಒಪ್ಪಿದಲ್ಲದೆ ಅದು ಕಾರ್ಯಕ್ಕೆ ಬಾರದು. ಕರ್ಣಾಟಕದ ಆರೋಗ್ಯ ಇಲಾಖೆಯು ೨೦೨೫ರ ಜನವರಿಯಲ್ಲಿ ಇದನ್ನು ಜಾರಿಗೊಳಿಸುವ ಆಜ್ಞೆಯನ್ನು ಹೊರಡಿಸಿತು.

೮

ಮೇಲಿನ ವಿಚಾರದಿಂದ ಫಲಿಸುವುದಿಷ್ಟು. ರೋಗಿಯ ವ್ಯವಹಾರಕ್ಕೆ ಸ್ಮೃತಿಯೂ ಬಲವನ್ನು ಕೊಡಲಿಲ್ಲ, ಈಗಿನ ಕಾನೂನೂ ಕೊಡುವುದಿಲ್ಲ. ಉಯಿಲಿಗೆ ಬರೆಯುವವನ ಚಿತ್ತಸ್ವಾಸ್ಥ್ಯವೂ ಇಬ್ಬರು ಸಾಕ್ಷಿಗಳೂ ಅವಶ್ಯವೆಂದು ೧೯೨೫ರ ಉತ್ತರಾಧಿಕಾರದ ಅಧಿನಿಯಮವೂ ವಿಧಿಸಿದೆ. ಆದುದರಿಂದ ಸ್ವತ್ತಿನ ವ್ಯವಸ್ಥೆ, ಭರಣದ ಷರತ್ತು, ಸಾಲಗಳ ಪಟ್ಟಿ, ಚಿಕಿತ್ಸೆಯ ನಿರ್ದೇಶನ ಇವೆಲ್ಲವೂ ಯಜಮಾನನ ಸ್ವಸ್ಥಾವಸ್ಥೆಯಲ್ಲಿಯೇ, ಗಂಡು ಹೆಣ್ಣು ಮಕ್ಕಳೆಲ್ಲರೂ ತಿಳಿದಿರುವಂತೆ, ತಾಯಿಯ ಅಂಶವನ್ನು ಮರೆಯದೆ ಬರೆಯಲ್ಪಡತಕ್ಕವು. ಪ್ರತಿನಿಧಿಯ ವಿಷಯದಲ್ಲಿ ಕಾನೂನು ಬಿಟ್ಟಿರುವ ಎಡೆಯನ್ನು ಶಾಸನಸಭೆಯು ತುಂಬುವವರೆಗೆ ಇದಲ್ಲದೆ ಬೇರೆ ಗತಿಯಿಲ್ಲ.

ಕಲ್ಯಾಣದ ಆಚಾರ್ಯನ ಪಾಠವನ್ನು ಬಿಟ್ಟು ವಂಗದೇಶದ ಪಾಠವನ್ನು ಹಿಡಿಯಬೇಕೆಂದು ಇದರಿಂದ ಹೇಳಿದಂತಾಗಲಿಲ್ಲ. ಕರ್ಣಾಟಕದಲ್ಲಿ ಮಕ್ಕಳ ಸ್ವತ್ವವು ಜನ್ಮದಿಂದಲೇ ಬರುವುದು ನಿಜ. ಆದರೆ ವಿಜ್ಞಾನೇಶ್ವರನ ದಾಯಪ್ರಕರಣವನ್ನು ಅವನ ಋಣ, ದಾನ, ಭರಣಗಳ ವಿಚಾರದೊಡನೆ ಸೇರಿಸಿ ಓದಿದಾಗ ಮಾತ್ರ ಅವನ ಅಭಿಪ್ರಾಯವು ಪೂರ್ಣವಾಗುವುದು. ಹಾಗೆ ಓದಿದರೆ ದೀರ್ಘರೋಗಿಯಾದ ತಂದೆಯ ಸ್ವತ್ತಿನಲ್ಲಿ ಪಾಲನ್ನು ತೆಗೆದುಕೊಂಡ ಮಗನು ಅವನ ಸಾಲವನ್ನೂ ಚಿಕಿತ್ಸೆಯನ್ನೂ ಅನ್ನವನ್ನೂ ಅದರೊಡನೆಯೇ ತೆಗೆದುಕೊಂಡವನಾಗುತ್ತಾನೆ. ಹುಣಸೂರಿನ ಮಂಡಲಿಯ ಮುಂದೆ ಬರುವ ಅರ್ಜಿದಾರರು ಕೇಳುವುದೂ ಇದಕ್ಕಿಂತ ಹೆಚ್ಚಿನದನ್ನಲ್ಲ.